ಕ್ಯಾಮೆರಾ ಕಡೆಗೆ ತಿರುಗದ ಹುಡುಗ

2002ನೇ ಇಸವಿ. ಬೆಂಗಳೂರಿನ ನಮ್ಮ ಹಾಸ್ಟೆಲ್‌ನಲ್ಲಿ ಕಂಪ್ಯೂಟರ್ ಇದ್ದದ್ದು ಒಬ್ಬನ ರೂಮಿನಲ್ಲಿ ಮಾತ್ರ. ಶನಿವಾರ ರಾತ್ರಿ ಎರಡು ಮಂಚ ಜೋಡಿಸಿ ಏಳೆಂಟು ಮಂದಿ ಅದರ ಮುಂದೆ ಕೂರುತ್ತಿದ್ದೆವು. ಯಾರೋ ತಂದ ಸೀಡಿ, ಯಾವುದೋ ಸಿನಿಮಾ. ಆ ರಾತ್ರಿ ಸಿಕ್ಕಿದ್ದು 'ಫೆರಿಸ್ ಬ್ಯೂಲರ್ಸ್ ಡೇ ಆಫ್'. ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಮೊದಲ ದೃಶ್ಯದಲ್ಲಿ ಹುಡುಗನೊಬ್ಬ ಹಾಸಿಗೆಯಲ್ಲಿ ನರಳುತ್ತಾ ಮಲಗಿದ್ದಾನೆ. ಅಪ್ಪ ಅಮ್ಮ ಪಕ್ಕದಲ್ಲಿ ನಿಂತು ಕೈ ಮುಟ್ಟಿ ನೋಡಿ ಕಳವಳ ಪಡುತ್ತಾರೆ. ಇವತ್ತು ಸ್ಕೂಲಿಗೆ ಹೋಗುವುದು ಬೇಡ ಎಂದು ಹೇಳಿ ಕೆಲಸಕ್ಕೆ ಹೊರಡುತ್ತಾರೆ. ಬಾಗಿಲು ಮುಚ್ಚಿದ್ದೇ ತಡ, ಹುಡುಗ ಎದ್ದು ಕೂತು ನೇರವಾಗಿ ನಮ್ಮ ಕಡೆ ತಿರುಗಿ ಮಾತಾಡತೊಡಗುತ್ತಾನೆ. ಅಪ್ಪ ಅಮ್ಮನನ್ನು ನಂಬಿಸುವುದು ಹೇಗೆ ಎಂದು ಪಾಠ ಹೇಳುತ್ತಾನೆ. ಸುಳ್ಳು ಜ್ವರ ಬೇಡ, ಗಾಬರಿಯ ಅಮ್ಮನಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಬಿಡುತ್ತಾಳೆ. ಹೊಟ್ಟೆನೋವೆಂದು ಬಗ್ಗಿ, ಯಾರಿಗೂ ಕಾಣದ ಹಾಗೆ ಅಂಗೈ ನೆಕ್ಕಿಕೊಂಡರೆ ಕೈ ತಣ್ಣಗೆ ಒದ್ದೆಯಾಗಿರುತ್ತದೆ, ಅಷ್ಟು ಸಾಕು. ಅವನು ಹೇಳಿದ್ದೆಲ್ಲ ಪರದೆಯ ಮೇಲೆ ಪಾಠದ ಟಿಪ್ಪಣಿಯ ಹಾಗೆ ಅಕ್ಷರಗಳಲ್ಲಿ ಮೂಡುತ್ತದೆ.

ರೂಮಿನಲ್ಲಿ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ವಿದ್ಯೆಯನ್ನು ನಾನು ನಾಲ್ಕು ವರ್ಷ ಮೊದಲೇ ಪ್ರಯೋಗ ಮಾಡಿ ಗೆದ್ದಿದ್ದೆ. ಅದೂ ಅವನು ಬೇಡವೆಂದ ಜ್ವರವನ್ನೇ ಹಿಡಿದು. ಇವನು ನನ್ನವನು ಅನ್ನಿಸಿಬಿಟ್ಟಿತು.

*

ಈ ಸಿನಿಮಾವನ್ನು ಬರೆದು ನಿರ್ದೇಶಿಸಿದವರು ಜಾನ್ ಹ್ಯೂಸ್. ತೆರೆಕಂಡದ್ದು 1986ರ ಜೂನ್‌ನಲ್ಲಿ. ಕಥೆ ಇಷ್ಟೇ: ಶಿಕಾಗೋದ ಹೊರವಲಯದ ಫೆರಿಸ್ ಎಂಬ ಹೈಸ್ಕೂಲ್ ಹುಡುಗ ಒಂದು ದಿನ ಸ್ಕೂಲಿಗೆ ಚಕ್ಕರ್ ಹೊಡೆಯುತ್ತಾನೆ. ನಿಜಕ್ಕೂ ಹುಷಾರಿಲ್ಲವೆಂದು ಮಲಗಿರುವ ಗೆಳೆಯ ಕ್ಯಾಮರಾನ್‌ನನ್ನು ಫೋನು ಮಾಡಿ ಎಬ್ಬಿಸುತ್ತಾನೆ. ಗೆಳತಿ ಸ್ಲೋನ್‌ಳನ್ನು ಉಪಾಯದಿಂದ ಸ್ಕೂಲಿನಿಂದ ಬಿಡಿಸಿಕೊಂಡು ಬರುತ್ತಾನೆ. ಕ್ಯಾಮರಾನ್‌ನ ಅಪ್ಪ ಪ್ರಾಣಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುವ 1961ರ ಕೆಂಪು ಫೆರಾರಿಯನ್ನು ಹೊರತೆಗೆದು ಮೂವರೂ ಊರು ಸುತ್ತುತ್ತಾರೆ. ಬೇಸ್‌ಬಾಲ್ ಮೈದಾನ, ಗಗನಚುಂಬಿ ಸಿಯರ್ಸ್ ಟವರ್, ಕಲಾ ಮ್ಯೂಸಿಯಂ, ದುಬಾರಿ ಹೋಟೆಲು, ಬೀದಿಯ ಮೆರವಣಿಗೆ. ಸ್ಕೂಲಿನ ಡೀನ್ ರೂನಿ ಇವನನ್ನು ಹಿಡಿಯಲು ಊರೆಲ್ಲ ಅಲೆದು ಪಡಬಾರದ ಪಾಡು ಪಡುತ್ತಾನೆ.

ಉದ್ದಕ್ಕೂ ಫೆರಿಸ್ ನಮ್ಮ ಜತೆ ಮಾತಾಡುತ್ತಲೇ ಇರುತ್ತಾನೆ. ಸ್ನಾನ ಮಾಡುತ್ತಾ, ಬಟ್ಟೆ ಹಾಕಿಕೊಳ್ಳುತ್ತಾ, ಗೆಳೆಯರು ಪಕ್ಕದಲ್ಲಿರುವಾಗ ನಡುವೆ ಒಂದು ಗಳಿಗೆ ಇತ್ತ ತಿರುಗಿ. ಹೆಸರುಗಳ ಪಟ್ಟಿಯೆಲ್ಲ ಮುಗಿದ ಮೇಲೂ ಟವೆಲ್ ನಿಲುವಂಗಿಯಲ್ಲಿ ಬಂದು, ಇನ್ನೂ ಇಲ್ಲೇ ಇದ್ದೀರಾ, ಸಿನಿಮಾ ಮುಗಿಯಿತು, ಮನೆಗೆ ಹೊರಡಿ ಎಂದು ನಮ್ಮನ್ನು ಕಳಿಸುತ್ತಾನೆ.

ಇದಕ್ಕೆ ನಾಲ್ಕನೆಯ ಗೋಡೆ ಒಡೆಯುವುದು ಎನ್ನುತ್ತಾರೆ. ರಂಗದ ಮುಂಬದಿಯಲ್ಲಿ, ಪ್ರೇಕ್ಷಕರಿಗೂ ನಟರಿಗೂ ನಡುವೆ ಒಂದು ಗೋಡೆ ಇದೆ ಎಂದೇ ಭಾವಿಸಿ ನಟಿಸಬೇಕು ಎಂದು 1758ರಲ್ಲಿ ಫ್ರಾನ್ಸಿನ ದಿದೆರೋ ಬರೆದ. ಯಕ್ಷಗಾನ ನೋಡಿ ಬೆಳೆದವರಿಗೆ ಈ ಗೋಡೆ ಒಡೆಯುವುದೇನೂ ಸೋಜಿಗವಲ್ಲ. ನಮ್ಮಲ್ಲಿ ಅದನ್ನು ಕಟ್ಟಿಯೇ ಇರಲಿಲ್ಲ. ಹಾಸ್ಯಗಾರ ಭಾಗವತರ ಜತೆ ಮಾತಾಡುವ ನೆಪದಲ್ಲಿ ನಮ್ಮ ಜತೆಗೇ ಮಾತಾಡುತ್ತಾನೆ. ಸಂಸ್ಕೃತ ನಾಟಕದಲ್ಲಂತೂ ಇದಕ್ಕೆ ವ್ಯಾಕರಣವೇ ಇದೆ. ತನಗೆ ತಾನೇ ಆಡಿಕೊಳ್ಳುವುದು ಸ್ವಗತ. ರಂಗದ ಮೇಲೆ ಇನ್ನೊಬ್ಬರು ಇರುವಾಗಲೇ, ಅವರಿಗೆ ಕೇಳಿಸಲಿಲ್ಲವೆಂಬ ಒಪ್ಪಂದದಲ್ಲಿ, ಕೈ ಅಡ್ಡ ಹಿಡಿದು ಒಬ್ಬರಿಗೆ ಮಾತ್ರ ಹೇಳುವುದು ಜನಾಂತಿಕ. ಫೆರಿಸ್ ಮಾಡುವುದು ಒಂದು ಬಗೆಯ ಜನಾಂತಿಕ. ಅವನು ಗುಟ್ಟು ಹೇಳುವುದು ನಮಗೆ. ಕೇಳಿಸದವರಾಗಿ ನಿಲ್ಲುವವರು ಸಿನಿಮಾದೊಳಗಿನ ಉಳಿದ ಎಲ್ಲರೂ.

ಹದಿಹರೆಯದವರ ಹಾಸ್ಯಚಿತ್ರಗಳಿಗೆ ಈ ತಂತ್ರ ಯಾಕೆ ಇಷ್ಟು ಒಗ್ಗುತ್ತದೆ ಎಂದು ನನಗೆ ಆಮೇಲೆ ಹೊಳೆಯಿತು. ಆ ವಯಸ್ಸಿನಲ್ಲಿ ದೊಡ್ಡವರೆಲ್ಲ ನಮಗೆ ಹೇಳುವವರೇ; ನಾವು ಹೇಳಿದ್ದನ್ನು ಕೇಳುವವರಿಲ್ಲ. ಇದೇ ಸಿನಿಮಾದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ಏರಿಳಿತವಿಲ್ಲದ ದನಿಯಲ್ಲಿ ಹಾಜರಿ ಕರೆಯುತ್ತಾರೆ, ಪ್ರಶ್ನೆ ಕೇಳಿ ತಾವೇ ಉತ್ತರ ಹೇಳಿಕೊಳ್ಳುತ್ತಾರೆ. ಹುಡುಗರು ಡೆಸ್ಕಿನ ಮೇಲೆ ತೂಕಡಿಸುತ್ತಾರೆ. ಅಂಥ ಲೋಕದಲ್ಲಿ ಕಿವಿಗೊಡುವವರು ನಾವು ಮಾತ್ರ. ಹಾಗಾಗಿ ಪಾತ್ರ ನಮ್ಮನ್ನು ಗೆಳೆಯರ ಗುಂಪಿಗೆ ಸೇರಿಸಿಕೊಳ್ಳುತ್ತದೆ. ಇದರ ರೂಪಗಳು ಹಲವು. 1995ರ 'ಕ್ಲೂಲೆಸ್' ಚಿತ್ರದ ಶೆರ್ ಕ್ಯಾಮೆರಾ ನೋಡುವುದಿಲ್ಲ, ಹಿನ್ನೆಲೆಯ ದನಿಯಲ್ಲಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾಳೆ. ಅದು ಜೇನ್ ಆಸ್ಟಿನ್‌ಳ 'ಎಮ್ಮಾ' ಕಾದಂಬರಿಯನ್ನು ಬೆವರ್ಲಿ ಹಿಲ್ಸ್‌ಗೆ ತಂದ ಕಥೆ. ತನಗೆ ಎಲ್ಲ ಗೊತ್ತೆಂದು ಅವಳು ಹೇಳುತ್ತಿರುವಾಗಲೇ ಏನೂ ಗೊತ್ತಿಲ್ಲವೆಂದು ನಮಗೆ ತಿಳಿಯುತ್ತದೆ. 2010ರ 'ಈಸಿ ಎ'ಯಲ್ಲಿ ಆಲಿವ್ ಎಂಬ ಹುಡುಗಿ ವೆಬ್‌ಕ್ಯಾಮ್ ಮುಂದೆ ಕೂತು ತನ್ನ ಬಗ್ಗೆ ಹಬ್ಬಿದ ಗಾಳಿಸುದ್ದಿಗೆ ತನ್ನದೇ ವಿವರಣೆ ಕೊಡುತ್ತಾಳೆ. ಇಡೀ ಸ್ಕೂಲು ಅವಳ ಕಥೆಯನ್ನು ಅವಳಿಲ್ಲದೆ ಹೇಳಿಬಿಟ್ಟಿದೆ, ಈಗ ಅವಳ ಸರದಿ.

ಫೆರಿಸ್‌ನದು ಇವೆರಡರ ಹಾಗಲ್ಲ. ಅವನು ತಪ್ಪಾಗಿಯೂ ತಿಳಿದಿಲ್ಲ, ಅವನಿಗೆ ಅನ್ಯಾಯವೂ ಆಗಿಲ್ಲ. ಅವನು ಬರೇ ಎಲ್ಲರಿಗಿಂತ ಮೊದಲು ನಮ್ಮ ಹತ್ತಿರ ಬಂದು ಕೂತಿದ್ದಾನೆ. ಡೀನ್ ರೂನಿ ಹೇಳುವುದು ಅಕ್ಷರಶಃ ನಿಜ: ಈ ಹುಡುಗ ಸುಳ್ಳ. ಸೋದರಿ ಜೀನಿ ಕೇಳುವುದೂ ನ್ಯಾಯ: ಇವನು ಏನು ಮಾಡಿದರೂ ಯಾಕೆ ನಡೆಯುತ್ತದೆ? ಆದರೆ ಅವರಿಬ್ಬರಿಗೂ ನಮ್ಮ ಪರಿಚಯವಿಲ್ಲ. ಹಾಗಾಗಿ ನಾವು ಅವರನ್ನು ನೋಡಿ ನಗುತ್ತೇವೆ.

*

ಇನ್ನು ನನ್ನ ಕಥೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಹೇಳುತ್ತಾ ಬಂದದ್ದನ್ನು ಹೇಳುತ್ತಿದ್ದ ಹಾಗೆಯೇ ಬರೆಯುತ್ತೇನೆ.

1998ರ ಜುಲೈ. ಶಿವಮೊಗ್ಗದಲ್ಲಿ ಸೆಕೆಂಡ್ ಪಿಯುಸಿ. ಮಳೆ ಹಿಡಿದು ವಾರವಾಗಿತ್ತು, ಜೋಗ ತುಂಬಿದೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ನನ್ನ ಹಾಸ್ಟೆಲ್ ರೂಮಿನ ಗೆಳೆಯ ಸಾಗರದ ಆಚೆಯ ಹಳ್ಳಿಯವನು. ಎತ್ತರದ, ಮಾತು ಕಡಿಮೆಯ, ಎಲ್ಲದಕ್ಕೂ ಹೆದರುವ ಪ್ರಾಣಿ. ಬೇಡ ಬೇಡ ಅಂದವನನ್ನು ನಾನೇ ಒಪ್ಪಿಸಿದೆ. ರಜಾ ಚೀಟಿ ಎರಡನ್ನೂ ಬರೆದವನು ನಾನೇ. ನನಗೆ ಜ್ವರ, ಅವನಿಗೆ ಮನೆಯಲ್ಲಿ ಪೂಜೆ. ಅಪ್ಪಂದಿರ ಸಹಿಯೂ ನನ್ನದೇ. ಬೆಳಗಿನ ಬಸ್ಸು ಹತ್ತಿದೆವು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನೋಡಿಯಾರು ಅಂತ ಅವನು ಸೀಟಿನ ಕೆಳಗೆ ತಲೆ ಹುದುಗಿಸಿ, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಕೂತದ್ದನ್ನು ನೀವು ನೋಡಬೇಕಿತ್ತು. ಡಕಾಯಿತ ನಾಚಬೇಕು! ಜೋಗದಲ್ಲಂತೂ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಧುಮುಕುತ್ತಿದ್ದವು. ಅಂಥ ಜೋಗವನ್ನು ಆಮೇಲೆ ನಾನು ನೋಡಿಲ್ಲ.

ಮಾರನೆಯ ದಿನ ಕಾಲೇಜಿಗೆ ಯಾರು ಬಂದಿರಬೇಕು? ಇವನ ಅಪ್ಪ! ಕರ್ಚೀಫು ಕಟ್ಟಿದ ಡಕಾಯಿತನನ್ನು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಅವರೂರಿನ ಅಡಿಕೆ ವ್ಯಾಪಾರಿಯೊಬ್ಬರು ಗುರುತು ಹಿಡಿದಿದ್ದರು. ಪ್ರಿನ್ಸಿಪಾಲರು ಚೀಟಿ ಮುಂದೆ ಹಿಡಿದರೆ ಅವನ ಅಪ್ಪ, ಕೊಡೆಯಿಂದ ನೀರು ತೊಟ್ಟಿಕ್ಕುತ್ತಾ ಇರುವ ಹಾಗೇ, "ನಮ್ಮನೇಲಿ ಯಾವ ಪೂಜೆ ಸ್ವಾಮಿ?" ಅನ್ನುತ್ತಾರೆ. ನನ್ನನ್ನೂ ಕರೆಸಿದರು. ನೀನೂ ಹೋಗಿದ್ದೆಯಾ ಅಂದರು. ನಾನು ಕಂಬಳಿ ಹೊದ್ದು ಹೋಗಿದ್ದೆ. ಹೋಗುವ ಮುಂಚೆ ಬಿಸಿನೀರಿನ ಹಂಡೆಯ ಹತ್ತಿರ ನಿಂತು ಹಣೆ ಕಾಯಿಸಿಕೊಂಡಿದ್ದೆ. ಪ್ರಿನ್ಸಿಪಾಲರು ಹಣೆ ಮುಟ್ಟಿ ನೋಡಿ, "ಹೋಗಿ ಮಲಕ್ಕೋ, ಯಾಕೆ ಎದ್ದು ಬಂದೆ" ಅಂತ ನನಗೇ ಬೈದರು!

ಇಲ್ಲಿಗೆ ಕಥೆ ಮುಗಿಯುತ್ತಿತ್ತು. ಎಲ್ಲಿ ಹೇಳಿದರೂ ನಗು ಗ್ಯಾರಂಟಿ. ಹಾಸ್ಟೆಲ್‌ನಲ್ಲಿ, ಆಫೀಸಿನ ಪ್ರವಾಸಗಳಲ್ಲಿ, ಹೆಂಡತಿಯ ಕಡೆಯವರ ಮುಂದೆ, ಎಲ್ಲ ಕಡೆ ಹೇಳಿದ್ದೇನೆ. ಎಲ್ಲಿ ನಿಲ್ಲಿಸಬೇಕು, ಯಾವ ಸಾಲಿಗೆ ದನಿ ತಗ್ಗಿಸಬೇಕು ಎಂಬುದೆಲ್ಲ ಬಾಯಿಗೆ ಕೂತುಬಿಟ್ಟಿತ್ತು.

*

ಎರಡು ವರ್ಷದ ಹಿಂದೆ ಸಾಗರದಲ್ಲಿ ನಮ್ಮ ಬ್ಯಾಚಿನ ಒಬ್ಬನ ಮನೆಯ ಗೃಹಪ್ರವೇಶ. ಊಟವಾಗಿ ಹೊಸ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದೆವು. ಯಾರೋ ಆ ಜೋಗದ ಕಥೆ ಹೇಳು ಅಂದರು. ಗೆಳೆಯನೂ ಅಲ್ಲೇ ಕೂತಿದ್ದ. ಅವನ ಎದುರಿಗೆ ನಾನು ಇದನ್ನು ಹೇಳಿದ್ದು ಅದೇ ಮೊದಲು. ಅವನಿದ್ದದ್ದು ಕಥೆಗೆ ಇನ್ನೂ ಕಳೆ ಕೊಟ್ಟಿತು. ಕರ್ಚೀಫಿನ ಭಾಗಕ್ಕೆ ಬಂದಾಗ ಎಲ್ಲರೂ ಅವನತ್ತ ನೋಡಿ ನಕ್ಕರು. ಅವನೂ ನಕ್ಕ.

ಆಮೇಲೆ ಹಿತ್ತಲ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದೆ. ಅವನು ಪಕ್ಕಕ್ಕೆ ಬಂದು ನಿಂತ.

"ಚೆನ್ನಾಗಿ ಹೇಳ್ತೀಯ ಮಾರಾಯ," ಅಂದ. "ಆದ್ರೆ ನಿನ್ನ ಕಥೆ ಪ್ರಿನ್ಸಿಪಾಲ್ರ ರೂಮಲ್ಲೇ ಮುಗಿದು ಹೋಗ್ತದೆ. ನಂಗೆ ಅಲ್ಲಿಂದ ಶುರುವಾಗಿದ್ದು."

ದನಿಯಲ್ಲಿ ಸಿಟ್ಟಿರಲಿಲ್ಲ. ಟವೆಲಿಗೆ ಕೈ ಒರೆಸಿಕೊಂಡು ಒಳಗೆ ಹೋದ.

ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಅವತ್ತೇ ಅವನ ಅಪ್ಪ ಹಾಸ್ಟೆಲ್ ಖಾಲಿ ಮಾಡಿಸಿ ಟ್ರಂಕು ಹೊರಿಸಿಕೊಂಡು ಹೋಗಿದ್ದರು. ಅಲ್ಲಿಂದ ಪರೀಕ್ಷೆಯ ತನಕ, ಎಂಟು ತಿಂಗಳು, ಅವನು ದಿನವೂ ಊರಿನಿಂದ ಬಸ್ಸಿನಲ್ಲಿ ಬಂದು ಹೋದ. ಮೊದಲ ಪೀರಿಯಡ್ಡಿಗೆ ಯಾವಾಗಲೂ ತಡ. ಪಶುವೈದ್ಯ ಆಗಬೇಕು ಅನ್ನುತ್ತಿದ್ದವನು ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿ ಊರಿಗೆ ಹೋಗಿ ತೋಟ ಸೇರಿದ. ಇದೆಲ್ಲ ನನ್ನ ಕಣ್ಣೆದುರಿಗೇ ಆದದ್ದು. ಕಥೆಯಲ್ಲಿ ಇದಕ್ಕೆ ಜಾಗವಿರಲಿಲ್ಲ, ಅಷ್ಟೆ. ಇದನ್ನು ಸೇರಿಸಿದರೆ ಯಾರೂ ನಗುತ್ತಿರಲಿಲ್ಲ.

*

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ರಜೆಗೆ ಬಂದಿದ್ದ. ಹದಿನಾರು ವರ್ಷ. ನಿನ್ನ ವಯಸ್ಸಿಗೆ ಸರಿಯಾದ ಸಿನಿಮಾ ತೋರಿಸುತ್ತೇನೆ ಬಾ ಅಂತ ಫೆರಿಸ್‌ನನ್ನು ಹಾಕಿದೆ. ಈ ಸಲ ನಾನು ನಗುವುದರ ಬದಲು ಕ್ಯಾಮರಾನ್‌ನನ್ನು ನೋಡುತ್ತಾ ಕೂತುಬಿಟ್ಟೆ. ಆ ಪಾತ್ರ ಮಾಡಿದ ಆಲನ್ ರಕ್‌ಗೆ ಆಗ ಮೂವತ್ತರ ಹತ್ತಿರ ವಯಸ್ಸು. ಅದು ಗೊತ್ತಿದ್ದೂ ಆ ಮುಖ ಹದಿನೇಳರದ್ದಾಗಿಯೇ ಕಾಣುತ್ತದೆ. ಎಲ್ಲಿ ಕೈ ಇಟ್ಟುಕೊಳ್ಳಬೇಕೆಂದು ತಿಳಿಯದ ಉದ್ದ ಹುಡುಗ.

ಗಮನಿಸಿದ್ದು ಇದು. ಕ್ಯಾಮರಾನ್ ಬಗ್ಗೆ ಫೆರಿಸ್ ನಮಗೆ ಬಹಳಷ್ಟು ಹೇಳುತ್ತಾನೆ. ಅವನ ಮನೆ ಮ್ಯೂಸಿಯಂ ಇದ್ದಂತೆ, ಚಂದವಾಗಿದೆ, ತಣ್ಣಗಿದೆ, ಏನನ್ನೂ ಮುಟ್ಟುವ ಹಾಗಿಲ್ಲ ಎನ್ನುತ್ತಾನೆ. ಇವನು ಮುಂದೆ ಮದುವೆಯಾಗುವವಳೂ ಇವನಿಗೆ ಮರ್ಯಾದೆ ಕೊಡುವುದಿಲ್ಲ ಎಂದು ಭವಿಷ್ಯ ನುಡಿಯುತ್ತಾನೆ. ಮಾತಿನಲ್ಲಿ ಪ್ರೀತಿ ಇಲ್ಲವೆಂದಲ್ಲ, ಇದೆ. ಆದರೆ ಅದನ್ನು ಹೇಳುವುದು ನಮಗೆ. ಕ್ಯಾಮರಾನ್‌ಗೆ ಕೇಳಿಸುವುದು ಬಾ, ಕಾರು ತೆಗಿ, ಹೆದರಬೇಡ ಎಂಬ ಒತ್ತಾಯ ಮಾತ್ರ. ಕಾರು ಎಷ್ಟು ಮೈಲಿ ಓಡಿದೆ ಎಂದು ಗೊತ್ತಾಗಿ ಅವನು ಕಿರುಚಿಕೊಳ್ಳುವಾಗಲೂ, ನೋಡಿ, ಇಲ್ಲಿಂದ ಇವನಿಗೆ ತಲೆ ಕೆಡುತ್ತದೆ ಎಂದು ಫೆರಿಸ್ ನಮಗೆ ಮುಂಚೆಯೇ ತಿಳಿಸಿಬಿಡುತ್ತಾನೆ. ಗೆಳೆಯನ ಭಯ ನಮಗೆ ತಮಾಷೆಯಾಗಿಯೇ ತಲುಪುತ್ತದೆ. ನಾನು ಕರ್ಚೀಫಿನ ಕಥೆ ಹೇಳುತ್ತಿದ್ದದ್ದೂ ಹೀಗೆಯೇ. 1966ರ 'ಆಲ್ಫಿ' ಚಿತ್ರದಲ್ಲಿ ಮೈಕೆಲ್ ಕೇನ್ ಮಾಡುವುದೂ ಇದನ್ನೇ; ಹೆಂಗಸರ ಬಗ್ಗೆ ಕ್ಯಾಮೆರಾಕ್ಕೆ ಸೊಗಸಾಗಿ ಹೇಳುತ್ತಾ ಹೋಗುತ್ತಾನೆ, ನೊಂದ ಹೆಂಗಸರು ಮಾತ್ರ ನಮ್ಮತ್ತ ತಿರುಗುವ ಹಾಗಿಲ್ಲ.

ಕ್ಯಾಮರಾನ್‌ಗೆ ನಮ್ಮ ಜತೆ ಮಾತಾಡುವ ಅಧಿಕಾರವಿಲ್ಲ. ಆದರೆ ಹ್ಯೂಸ್ ಅವನಿಗೆ ಒಂದು ದೃಶ್ಯ ಕೊಟ್ಟಿದ್ದಾರೆ. 2002ರಲ್ಲಿ ನಾವು ಅದನ್ನು ಮುಂದಕ್ಕೆ ಓಡಿಸಿದ್ದೆವು. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಫೆರಿಸ್ ಮತ್ತು ಸ್ಲೋನ್ ಒಂದು ಕಡೆ ಮುತ್ತಿಡುತ್ತಾ ನಿಂತಿದ್ದಾರೆ. ಕ್ಯಾಮರಾನ್ ಒಬ್ಬನೇ ಒಂದು ದೊಡ್ಡ ಚಿತ್ರದ ಎದುರು ನಿಲ್ಲುತ್ತಾನೆ. ಅದು ಜಾರ್ಜ್ ಸ್ಯೂರಾ 1884ರಿಂದ 1886ರವರೆಗೆ ಬರೆದ, ಲಾ ಗ್ರಾಂಡ್ ಜಾತ್ ದ್ವೀಪದ ಒಂದು ಭಾನುವಾರದ ಚಿತ್ರ. ನದಿಯ ದಂಡೆ, ಕೊಡೆ ಹಿಡಿದ ಹೆಂಗಸರು, ಟೋಪಿಯ ಗಂಡಸರು. ಹೆಚ್ಚಿನವರು ಪಕ್ಕಕ್ಕೋ ನೀರಿನತ್ತಲೋ ಮುಖ ಮಾಡಿದ್ದಾರೆ. ನಡುವೆ ಬಿಳಿ ಉಡುಪಿನ ಒಂದು ಪುಟ್ಟ ಹುಡುಗಿ ಮಾತ್ರ ನೇರವಾಗಿ ಚಿತ್ರದಿಂದ ಹೊರಕ್ಕೆ, ನೋಡುವವರತ್ತ ನೋಡುತ್ತಿದ್ದಾಳೆ.

ಸಿನಿಮಾದ ಕ್ಯಾಮೆರಾ ಒಮ್ಮೆ ಕ್ಯಾಮರಾನ್‌ನ ಮುಖಕ್ಕೆ, ಒಮ್ಮೆ ಆ ಹುಡುಗಿಯ ಮುಖಕ್ಕೆ, ಪ್ರತಿ ಸಲವೂ ಇನ್ನಷ್ಟು ಹತ್ತಿರಕ್ಕೆ ಹೋಗುತ್ತದೆ. ಮಾತಿಲ್ಲ, ವಾದ್ಯಸಂಗೀತ ಮಾತ್ರ. ಸ್ಯೂರಾ ಚುಕ್ಕಿ ಚುಕ್ಕಿ ಇಟ್ಟು ಚಿತ್ರ ಬರೆದವನು. ಹತ್ತಿರ ಹೋದ ಹಾಗೆಲ್ಲ ಹುಡುಗಿಯ ಕಣ್ಣು, ಬಾಯಿ ಕರಗಿ ಬಣ್ಣದ ಚುಕ್ಕಿಗಳಷ್ಟೇ ಉಳಿಯುತ್ತವೆ. ಹೆಚ್ಚು ನೋಡಿದಷ್ಟೂ ಕಡಿಮೆ ಕಾಣುತ್ತದೆ, ತನ್ನನ್ನೂ ಯಾರಾದರೂ ಹೀಗೆ ನೋಡಿದರೆ ಒಳಗೆ ಏನೂ ಇಲ್ಲವೆಂದು ತಿಳಿದೀತು ಎಂಬುದೇ ಅವನ ಹೆದರಿಕೆ ಎಂದು ಹ್ಯೂಸ್ ಈ ದೃಶ್ಯವನ್ನು ವಿವರಿಸಿದ್ದಾರೆ. ನನಗೆ ಅದರ ಜತೆಗೆ ಇನ್ನೊಂದೂ ಕಂಡಿತು. ಸಿನಿಮಾದಲ್ಲಿ ಹೊರಗೆ ನೋಡಿ ಮಾತಾಡುವವನು ಫೆರಿಸ್, ಚಿತ್ರಪಟದಲ್ಲಿ ಹೊರಗೆ ನೋಡುವವಳು ಈ ಹುಡುಗಿ. ಇಡೀ ದಿನದಲ್ಲಿ ಕ್ಯಾಮರಾನ್‌ನನ್ನು ಸುಮ್ಮನೆ, ಏನನ್ನೂ ಕೇಳದೆ ನೋಡಿದವಳು ಅವಳೇ.

ಕೊನೆಯಲ್ಲಿ ಕಾರಿನ ಮೈಲಿಯನ್ನು ಹಿಂದಕ್ಕೆ ತಿರುಗಿಸಲು ಅದನ್ನು ಜಾಕಿನ ಮೇಲೇರಿಸಿ ಹಿಮ್ಮುಖವಾಗಿ ಚಕ್ರ ಓಡಿಸುತ್ತಾರೆ. ಆಗುವುದಿಲ್ಲ. ಕ್ಯಾಮರಾನ್‌ಗೆ ಅಪ್ಪನ ಮೇಲಿನ ಇಷ್ಟು ವರ್ಷದ ಸಿಟ್ಟು ಉಕ್ಕಿ ಕಾರಿಗೆ ಒದೆಯುತ್ತಾನೆ, ಒದೆಯುತ್ತಲೇ ಇರುತ್ತಾನೆ. ಕಾರು ಜಾಕಿನಿಂದ ಜಾರಿ, ಗಾಜಿನ ಗೋಡೆ ಒಡೆದು ಹಿಂದಿನ ಕಮರಿಗೆ ಬೀಳುತ್ತದೆ. ಈ ಹೊತ್ತಿನಲ್ಲಿ ಫೆರಿಸ್ ನಮ್ಮ ಕಡೆ ತಿರುಗುವುದಿಲ್ಲ. ಅವನು ಗೆಳೆಯನತ್ತ ತಿರುಗಿ, ತಪ್ಪು ನನ್ನ ಮೇಲೆ ಹಾಕು, ನಾನು ಹೊರುತ್ತೇನೆ ಎನ್ನುತ್ತಾನೆ. ಕ್ಯಾಮರಾನ್ ಬೇಡವೆನ್ನುತ್ತಾನೆ. ಅಪ್ಪ ಬರಲಿ, ನಾನೇ ಮಾತಾಡುತ್ತೇನೆ ಎನ್ನುತ್ತಾನೆ.

ಇಪ್ಪತ್ತು ವರ್ಷ ಫೆರಿಸ್‌ನನ್ನು ನನ್ನವನೆಂದುಕೊಂಡಿದ್ದೆ. ಅವನು ನನಗಿಂತ ವಾಸಿ. ಪ್ರಿನ್ಸಿಪಾಲರ ರೂಮಿನಲ್ಲಿ ನೀನೂ ಹೋಗಿದ್ದೆಯಾ ಎಂದು ಕೇಳಿದಾಗ ನಾನು ಇಲ್ಲ ಸಾರ್ ಅಂದೆ. ಗೆಳೆಯ ಪಕ್ಕದಲ್ಲೇ ನಿಂತಿದ್ದ. ಅವನ ಅಪ್ಪ ಅವನನ್ನೇ ನೋಡುತ್ತಿದ್ದರು. ಜತೆಗೆ ಯಾರಿದ್ದರು ಎಂದು ಎರಡು ಸಲ ಕೇಳಿದರು. ಅವನು ನೆಲ ನೋಡುತ್ತಾ, ಒಬ್ಬನೇ ಹೋಗಿದ್ದೆ ಅಂದ. ನನ್ನ ಕಥೆಯಲ್ಲಿ ಈ ಒಂದು ಸಾಲನ್ನು ನಾನು ಎಂದೂ ಹೇಳಿಲ್ಲ.

ಸಿನಿಮಾ ಮುಗಿಯಿತು. ಫೆರಿಸ್ ಬಂದು ಮನೆಗೆ ಹೊರಡಿ ಅಂದ. ಅಕ್ಕನ ಮಗ ನಗುತ್ತಾ ಎದ್ದವನು ಬಾಗಿಲ ಹತ್ತಿರ ನಿಂತು ಕೇಳಿದ: "ಮಾಮ, ಆ ಉದ್ದ ಹುಡುಗನ ಅಪ್ಪ ಮನೆಗೆ ಬಂದ್ಮೇಲೆ ಏನಾಯ್ತು?"

"ಗೊತ್ತಿಲ್ಲ ಕಣೋ. ಅದನ್ನ ತೋರಿಸಲ್ಲ."

"ಅದೇ ಅಲ್ವಾ ಮುಖ್ಯವಾಗಿದ್ದು?"

*

1999ರಲ್ಲಿ 'ಎಲೆಕ್ಷನ್' ಎಂಬ ಸಿನಿಮಾ ಬಂತು. ಅಲೆಕ್ಸಾಂಡರ್ ಪೇನ್ ನಿರ್ದೇಶನ. ಹೈಸ್ಕೂಲೊಂದರ ವಿದ್ಯಾರ್ಥಿ ಸಂಘದ ಚುನಾವಣೆಯ ಕಥೆ. ಫೆರಿಸ್ ಆಗಿದ್ದ ಮ್ಯಾಥ್ಯೂ ಬ್ರಾಡರಿಕ್ ಇದರಲ್ಲಿ ಮೇಷ್ಟ್ರು. ಹದಿಮೂರು ವರ್ಷದ ಹಿಂದೆ ಸ್ಕೂಲಿನಿಂದ ತಪ್ಪಿಸಿಕೊಂಡವನು ಈಗ ಕರಿಹಲಗೆಯ ಮುಂದೆ ನಿಂತಿದ್ದಾನೆ, ತಾನು ಒಳ್ಳೆಯವನೆಂದು ನಮ್ಮನ್ನು ನಂಬಿಸಲು ಹೆಣಗುತ್ತಿದ್ದಾನೆ. ಆದರೆ ಇಲ್ಲಿ ನಮ್ಮ ಜತೆ ಮಾತಾಡುವವನು ಅವನೊಬ್ಬನೇ ಅಲ್ಲ. ಗೆಲ್ಲಲೇಬೇಕೆಂದು ಹಟ ಹಿಡಿದ ಟ್ರೇಸಿ, ಒಳ್ಳೆಯ ಮನಸ್ಸಿನ ಪೆದ್ದ ಪಾಲ್, ಅವನ ತಂಗಿ ಟ್ಯಾಮಿ, ಎಲ್ಲರಿಗೂ ಹಿನ್ನೆಲೆಯ ದನಿ ಇದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರದು ಬಂದು ಅಲುಗಾಡಿಸುತ್ತದೆ. ಮೇಷ್ಟ್ರ ಮಾತನ್ನು ನಂಬುವ ಹೊತ್ತಿಗೆ ಟ್ರೇಸಿಯ ಮಾತು ಕೇಳಿಸುತ್ತದೆ. ಅಲ್ಲೂ ನಗುತ್ತೇವೆ, ಯಾರ ಪಕ್ಷವೆಂದು ಮಾತ್ರ ತಿಳಿಯುವುದಿಲ್ಲ.

ಅದನ್ನೂ ನೋಡಿ ಮುಗಿಸಿದ ಮಾರನೆಯ ದಿನ ನಾನು ಗೆಳೆಯನಿಗೆ ಫೋನು ಮಾಡಿದೆ. ಅವನು ತೋಟದಲ್ಲಿದ್ದ. ಆ ಜೋಗದ ದಿನದ ಕಥೆ ನೀನು ಹೇಳು, ನಾನು ಸುಮ್ಮನೆ ಕೇಳುತ್ತೇನೆ ಅಂದೆ. ಎಂಥ ಮಾರಾಯ ಇದ್ದಕ್ಕಿದ್ದ ಹಾಗೆ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಮೊದಲನೇದಾಗಿ, ನಾವು ಜೋಗ ನೋಡಲೇ ಇಲ್ಲ ಕಣೋ."

ನಾನು ಸುಮ್ಮನಿದ್ದೆ.

"ಪೂರ್ತಿ ಮಂಜು. ಎದುರಿಗೆ ಬೆಳ್ಳಗೆ ಗೋಡೆ ಕಟ್ಟಿದ ಹಾಗೆ. ಬರೀ ಶಬ್ದ. ಎರಡು ಗಂಟೆ ಕಾದ್ವಿ. ನೀನು ಈಗ ಸರಿಯುತ್ತೆ, ಈಗ ಸರಿಯುತ್ತೆ ಅಂತಿದ್ದೆ. ಸರಿಯಲಿಲ್ಲ. ಬಜ್ಜಿ ತಿಂದು ವಾಪಸ್ ಬಂದ್ವಿ. ಬಸ್ಸಲ್ಲಿ ನೀನು ನನ್ನ ಹೆಗಲ ಮೇಲೆ ನಿದ್ದೆ ಮಾಡಿದೆ."

ಅವನು ಹೇಳಿದ್ದೇ ತಡ ನನಗೆ ಆ ಮಂಜು ನೆನಪಾಯಿತು. ಕಬ್ಬಿಣದ ಕಟಾಂಜನದ ತಣ್ಣನೆ, ಮೂಗಿಗೆ ಬಡಿದ ತುಂತುರು, ಎಲ್ಲಾ. ಆ ನಾಲ್ಕು ಕವಲುಗಳನ್ನು ಎಷ್ಟು ಸಲ, ಎಷ್ಟು ಮಂದಿಗೆ ಕೈಯಾಡಿಸಿ ತೋರಿಸಿದ್ದೆನೋ. ಹೇಳುತ್ತಾ ಹೇಳುತ್ತಾ ನಾನೇ ನೋಡಿದ್ದೆನೆಂದು ನಂಬಿದ್ದೆ.

ಬಸ್ಸಿನ ಕಥೆ ಹೇಳು ಅಂದೆ. ಹೇಳಿದ. ಬೆಳಗಿನ ಐದೂವರೆಯ ಬಸ್ಸು. ಮನೆಯಿಂದ ರಸ್ತೆಗೆ ಮುಕ್ಕಾಲು ಮೈಲಿ, ಗದ್ದೆಯ ಅಂಚಿನಲ್ಲಿ. ಅವನ ಅಪ್ಪ ದಿನವೂ ಎದ್ದು, ಮುಂದೆ ಟಾರ್ಚು ಹಿಡಿದುಕೊಂಡು, ಬಸ್ಸಿನ ತನಕ ಬರುತ್ತಿದ್ದರಂತೆ. ಎಂಟು ತಿಂಗಳು. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಮಾತಾಡಲಿಲ್ಲ. ಬಸ್ಸು ಹತ್ತಿದ ಮೇಲೆ ಟಾರ್ಚು ಆರಿಸಿ ಕತ್ತಲಲ್ಲಿ ನಿಂತಿರುತ್ತಿದ್ದರು. ಪರೀಕ್ಷೆಯ ಕೊನೆಯ ದಿನ ಮಾತ್ರ, ಚೆನ್ನಾಗಿ ಬರಿ ಅಂದರಂತೆ. ಕೊಡೆಯಿಂದ ನೀರು ತೊಟ್ಟಿಕ್ಕಿಸುತ್ತಾ ನಿಂತ ನಗೆಪಾಟಲಿನ ಮುದುಕನಾಗಿ ನನ್ನ ಕಥೆಯಲ್ಲಿ ಬರುತ್ತಿದ್ದವರು ಅವರೇ. ಅವರು ತೀರಿಕೊಂಡು ಈಗ ಆರು ವರ್ಷ.

ಕೊನೆಗೆ ಕೇಳಬೇಕಾದದ್ದನ್ನು ಕೇಳಿದೆ. ಅವತ್ತು ಯಾಕೆ ನನ್ನ ಹೆಸರು ಹೇಳಲಿಲ್ಲ?

"ಹೇಳಿದ್ರೆ ಎಂತ, ಬಸ್ಸಲ್ಲಿ ಎರಡು ಸೀಟು ಹಿಡೀಬೇಕಿತ್ತು ಅಷ್ಟೆ," ಅಂದು ನಕ್ಕ. ಆಮೇಲೆ, "ಗೊತ್ತಿಲ್ಲ. ನೀನೇ ಹೇಳ್ತೀಯ ಅಂದ್ಕೊಂಡಿದ್ದೆ," ಅಂದ.

ತಪ್ಪಾಯಿತು ಅಂದೆ. ಆ ಕಡೆಯಿಂದ ಏನೂ ಬರಲಿಲ್ಲ. ಕೊಟ್ಟಿಗೆಯಲ್ಲಿ ದನ ಕೂಗುತ್ತಿದೆ, ಆಮೇಲೆ ಮಾಡುತ್ತೇನೆ ಅಂತ ಫೋನು ಇಟ್ಟ. ಅವನು ಆಮೇಲೆ ಮಾಡಿದ್ದು ಹದಿನೈದು ದಿನ ಬಿಟ್ಟು. ಬೇರೆ ಏನೇನೋ ಮಾತಾಡಿದೆವು.

ಇದನ್ನು ಬರೆದ ಮೇಲೆ ಕಳಿಸುವ ಮುಂಚೆ ಅವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಹೆಸರು ಹಾಕದಿದ್ದದ್ದು ಒಳ್ಳೆಯದಾಯಿತು ಅಂದ. ಸಿನಿಮಾದ್ದು ಜಾಸ್ತಿಯಾಯಿತು ಅಂದ. ತಿದ್ದಿದ್ದು ಎರಡೇ ಕಡೆ. ಮೊದಲ ಒಂದು ತಿಂಗಳು ಅಪ್ಪನ ಕೈಯಲ್ಲಿ ಇದ್ದದ್ದು ಟಾರ್ಚಲ್ಲ, ಲಾಟೀನು; ಟಾರ್ಚು ತಂದದ್ದು ಆಗಸ್ಟಿನಲ್ಲಿ. ಮತ್ತೆ, ಅಲ್ಲಿ ತಿಂದ ಬಜ್ಜಿಯ ದುಡ್ಡು ಕೊಟ್ಟದ್ದು ಅವನು, ಅದನ್ನು ಬರೆದಿಲ್ಲ.